ಗೋಡೆಗೆ ಗಂಟಿನ ಕಲಾಕೃತಿ: ಅಳತೆಯಿಂದ ನೇತುಹಾಕುವವರೆಗೆ

ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮೂರೇ ಮೂರು. "ಹುರಿ ಎಷ್ಟು ಬೇಕು?" "ಕೆಳಗೆ ಹೋದ ಹಾಗೆ ಅಗಲ ಕಡಿಮೆ ಆಗ್ತಾ ಹೋಗುತ್ತೆ, ಯಾಕೆ?" "ಇಷ್ಟು ಭಾರದ್ದನ್ನು ಗೋಡೆಗೆ ಹಾಕೋದು ಹೇಗೆ?" ಕೇಳುವವರಿಗೆ ಗಂಟು ಹಾಕಲು ಚೆನ್ನಾಗಿಯೇ ಬರುತ್ತದೆ. ಕುಂಡ ತೂಗುಹಾಕುವ ಜೋಳಿಗೆ, ಕೀ ಗೊಂಚಲು, ಪುಟ್ಟ ಕನ್ನಡಿಯ ಚೌಕಟ್ಟು ಎಲ್ಲ ಮಾಡಿರುತ್ತಾರೆ. ಒಂದು ಇಡೀ ಗೋಡೆ ಎದುರಿಗೆ ನಿಂತಾಗ ಮಾತ್ರ ಕೈ ಕಟ್ಟಿದಂತಾಗುತ್ತದೆ.

ಈ ಲೇಖನ ಅವರಿಗಾಗಿ. ಇಲ್ಲಿ ಹೇಳುತ್ತಿರುವುದು ಮ್ಯಾಕ್ರಮೆ ಕೆಲಸದ ಬಗ್ಗೆ. ಮಗ್ಗ, ಕೊಕ್ಕೆ, ಸೂಜಿ ಯಾವುದೂ ಇಲ್ಲದೆ ಬರೀ ಕೈಯಿಂದ ಹುರಿಗೆ ಗಂಟು ಹಾಕುತ್ತಾ ಬಟ್ಟೆಯಂಥ ಮೈ ಕಟ್ಟುವುದೇ ಮ್ಯಾಕ್ರಮೆ. ಗಂಟು ಹಾಕಿ ಮಾಡುವ ರತ್ನಗಂಬಳಿಯ ಕೆಲಸ ಬೇರೆ. ಅದಕ್ಕೆ ಮಗ್ಗ ಬೇಕು, ಅದರ ಲೆಕ್ಕವೂ ಬೇರೆ.

ಮೊದಲೇ ಒಂದು ಮಾತು. ದೊಡ್ಡ ಕೆಲಸ ಕೆಡುವುದು ಸಾಮಾನ್ಯವಾಗಿ ಗಂಟಿನಲ್ಲಲ್ಲ, ಗಂಟು ಶುರುವಾಗುವ ಮುಂಚೆ. ಹಾಗಾಗಿ ಮೊದಲ ನಾಲ್ಕು ಹಂತಗಳನ್ನು ದಯವಿಟ್ಟು ಹಾರಿಸಬೇಡಿ. ಹುರಿ ಮುಟ್ಟುವ ಆಸೆ ಜಾಸ್ತಿ ಇರುತ್ತದೆ, ಗೊತ್ತು. ಆದರೂ ತಡೆಯಿರಿ.

ಏನೇನು ಬೇಕು

ಹುರಿ, ಗಟ್ಟಿ ಕೋಲು, ಹರಿತವಾದ ದೊಡ್ಡ ಕತ್ತರಿ, ಅಳತೆ ಟೇಪು, ತೂಕದ ಯಂತ್ರ, ಕಾಗದದ ಟೇಪು, ಲೆವೆಲ್ ನೋಡುವ ಉಪಕರಣ, ರಬ್ಬರ್ ಬ್ಯಾಂಡುಗಳು, ಅಗಲ ಹಲ್ಲಿನ ಬಾಚಣಿಗೆ. ಕೋಲನ್ನು ತೂಗುಹಾಕಲು ಬಟ್ಟೆ ಅಂಗಡಿಯಲ್ಲಿ ಇರುವಂಥ ಸ್ಟ್ಯಾಂಡ್ ಆದರೆ ಒಳ್ಳೆಯದು. ಅದರ ಎತ್ತರ ಬದಲಿಸಲು ಬರಬೇಕು. ಇದು ಸೌಕರ್ಯದ ಮಾತಲ್ಲ, ನಿಮ್ಮ ಕತ್ತು ಮತ್ತು ಭುಜದ ಮಾತು. ಗಂಟು ಹಾಕುವ ಸಾಲು ಯಾವಾಗಲೂ ಎದೆ ಮತ್ತು ಕಣ್ಣಿನ ನಡುವೆ ಇರಬೇಕು. ಕೆಲಸ ಇಳಿದ ಹಾಗೆ ಕೋಲು ಮೇಲೇರಬೇಕು. ನೆಲಕ್ಕೆ ಬಗ್ಗಿ ಗಂಟು ಹಾಕುವವರ ಸೊಂಟ ಬೇಗ ಹಿಡಿಯುತ್ತದೆ, ಗಂಟೂ ಸಡಿಲವಾಗುತ್ತದೆ.

1. ಗೋಡೆಯನ್ನು ಓದಿ

ಗೋಡೆಯ ಅಗಲ, ಎತ್ತರ ಅಳೆದುಕೊಳ್ಳಿ. ಅದರ ಮುಂದೆ ಇರುವ ಸೋಫಾ, ಮಂಚ ಅಥವಾ ಮೇಜಿನ ಅಗಲವನ್ನೂ ಬರೆದುಕೊಳ್ಳಿ. ಕಲಾಕೃತಿಯ ಅಗಲ ಆ ಪೀಠೋಪಕರಣದ ಅಗಲದ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಇದ್ದರೆ ಕಣ್ಣಿಗೆ ಸರಿ ಕಾಣುತ್ತದೆ. ಸೋಫಾ 180 ಸೆಂ.ಮೀ. ಇದ್ದರೆ ಕೃತಿ 120ರಿಂದ 135 ಸೆಂ.ಮೀ. ಸೋಫಾದ ಬೆನ್ನಿನಿಂದ ಕುಚ್ಚಿನ ತುದಿಗೆ 15-25 ಸೆಂ.ಮೀ. ಜಾಗ ಬಿಡಿ. ಇಲ್ಲದಿದ್ದರೆ ಕೂತವರ ತಲೆಯೆಣ್ಣೆ ಕುಚ್ಚಿಗೆ ಹತ್ತುತ್ತದೆ, ಅದು ಹೋಗುವ ಕಲೆಯಲ್ಲ. ಕೆಳಗೆ ಏನೂ ಇಲ್ಲದ ಖಾಲಿ ಗೋಡೆಯಾದರೆ ಕೃತಿಯ ನಡುಭಾಗ ನೆಲದಿಂದ 145-150 ಸೆಂ.ಮೀ. ಎತ್ತರಕ್ಕೆ ಬರಲಿ. ಚಿತ್ರಶಾಲೆಗಳಲ್ಲಿ ಚಿತ್ರ ತೂಗುಹಾಕುವುದು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ.

ಆಮೇಲೆ ಬೆಳಕು ನೋಡಿ. ಗಂಟಿನ ಕೆಲಸದಲ್ಲಿ ಅರ್ಧ ಚಿತ್ರ ಬಿಡಿಸುವುದು ನೆರಳು. ಕಿಟಕಿ ಪಕ್ಕದಲ್ಲಿದ್ದು ಬೆಳಕು ಓರೆಯಾಗಿ ಬಿದ್ದರೆ ಸಣ್ಣ ಗಂಟೂ ಎದ್ದು ಕಾಣುತ್ತದೆ. ಬೆಳಕು ನೇರವಾಗಿ ಮುಖಕ್ಕೆ ಬಿದ್ದರೆ ದಪ್ಪ ಹುರಿಯ ಕೆಲಸವೂ ಚಪ್ಪಟೆಯಾಗಿ ಕಾಣುತ್ತದೆ. ಅಂಥ ಗೋಡೆಗೆ ನವಿರಾದ ವಿನ್ಯಾಸ ಮಾಡಿದರೆ ಶ್ರಮ ವ್ಯರ್ಥ. ದೊಡ್ಡ ದೊಡ್ಡ ಖಾಲಿ ಜಾಗ, ದಪ್ಪ ಗಂಟು, ಬಣ್ಣದ ವ್ಯತ್ಯಾಸ ಇಟ್ಟುಕೊಳ್ಳಿ.

ಅಳತೆ ನಿರ್ಧಾರವಾದ ಮೇಲೆ ಹಳೆ ಪತ್ರಿಕೆಗಳನ್ನು ಅಂಟಿಸಿ, ಅದೇ ಗಾತ್ರಕ್ಕೆ ಕತ್ತರಿಸಿ, ಗೋಡೆಗೆ ಕಾಗದದ ಟೇಪಿನಿಂದ ಹಚ್ಚಿ ಎರಡು ದಿನ ಬಿಡಿ. ಬೆಳಿಗ್ಗೆ, ಸಂಜೆ, ದೀಪ ಹಚ್ಚಿದಾಗ ನೋಡಿ. ಹೆಚ್ಚಿನವರಿಗೆ ಆಗ ಗೊತ್ತಾಗುತ್ತದೆ, ತಾವು ಅಂದುಕೊಂಡದ್ದಕ್ಕಿಂತ ದೊಡ್ಡದು ಬೇಕು ಅಂತ.

2. ಹುರಿ ಆರಿಸಿ

ಹತ್ತಿ ಹುರಿಯಿಂದಲೇ ಶುರು ಮಾಡಿ. ಕೈಗೆ ಮೃದು, ಗಂಟು ಕೂರುತ್ತದೆ, ಬಿಚ್ಚಿ ಮತ್ತೆ ಹಾಕಿದರೂ ಸಹಿಸುತ್ತದೆ. ಸೆಣಬು ಒರಟು, ಪುಡಿ ಉದುರುತ್ತದೆ, ತೇವದ ವಾಸನೆ ಹಿಡಿದುಕೊಳ್ಳುತ್ತದೆ. ಉಣ್ಣೆ ಚೆಂದ, ಆದರೆ ಎಳೆದರೆ ಹಿಗ್ಗುತ್ತದೆ, ನುಸಿಹುಳುವಿನ ಕಾಟ ಬೇರೆ. ಲಿನನ್ ಗಟ್ಟಿ, ಹೊಳಪು ಇದೆ, ಆದರೆ ಹೊಸ ಕೈಗೆ ಜಾರುತ್ತದೆ.

ಹತ್ತಿಯಲ್ಲೇ ಮೂರು ಬಗೆ. ಸಿಂಗಲ್ ಸ್ಟ್ರ್ಯಾಂಡ್ ಅಂದರೆ ನೂಲುಗಳನ್ನೆಲ್ಲ ಒಂದೇ ಸಲ ಒಂದೇ ಕಡೆಗೆ ಹೊಸೆದ ಹುರಿ. ಇದರ ಗಂಟು ನಯವಾಗಿ ಕೂರುತ್ತದೆ. ಬಾಚಿದರೆ ರೇಷ್ಮೆಯಂಥ ಕುಚ್ಚು ಸಿಗುತ್ತದೆ. ತ್ರೀ ಪ್ಲೈ ಅಂದರೆ ಮೂರು ಸಣ್ಣ ಹುರಿಗಳನ್ನು ಸೇರಿಸಿ ಹೊಸೆದದ್ದು. ಗಟ್ಟಿ, ಹಗ್ಗದ ಮೈ ಕಾಣುತ್ತದೆ, ಬಿಚ್ಚಿದರೆ ಅಲೆಅಲೆಯಾದ ಕುಚ್ಚು. ಮೂರನೆಯದು ಹೆಣೆದ ಹುರಿ, ಜಡೆಯ ಹಾಗೆ ನೇಯ್ದಿರುತ್ತದೆ. ಇದರ ಕೆಲವು ಬಗೆಗಳಲ್ಲಿ ಒಳಗೆ ಪಾಲಿಯೆಸ್ಟರ್ ತಿರುಳು ಅಡಗಿರುತ್ತದೆ. ಕತ್ತರಿಸಿದ ತುದಿ ನೋಡಿ, ಒಳಗೆ ಬೇರೆ ಬಿಳುಪು ಕಂಡರೆ ತಿರುಳಿದೆ ಎಂದರ್ಥ. ಅದರಿಂದ ಕುಚ್ಚು ಬರುವುದಿಲ್ಲ.

ದಪ್ಪ ಎಷ್ಟು? ಒಂದು ಮೀಟರಿಗಿಂತ ಅಗಲದ ಕೆಲಸಕ್ಕೆ 5 ಮಿ.ಮೀ. ನನ್ನ ಆಯ್ಕೆ. 3 ಮಿ.ಮೀ. ಹುರಿಯಲ್ಲಿ ಅಷ್ಟು ದೊಡ್ಡದು ಮಾಡಬಹುದು, ಆದರೆ ದೂರದಿಂದ ನೋಡುವವರಿಗೆ ಗಂಟೇ ಕಾಣುವುದಿಲ್ಲ. ಗೋಡೆ ದೊಡ್ಡದಾದಷ್ಟೂ ಗಂಟಿನ ಸಂಖ್ಯೆ ಹೆಚ್ಚಬೇಕು ಎಂಬ ನಂಬಿಕೆ ಬಹಳ ಜನಕ್ಕಿದೆ. ನಾನು ಒಪ್ಪುವುದಿಲ್ಲ. ಸ್ವಿಟ್ಜರ್ಲೆಂಡ್ ಮೂಲದ ಕಲಾವಿದೆ ಫ್ರಾಂಸ್ವಾಝ್ ಗ್ರೋಸನ್ ಅವರು ದಪ್ಪ ಹಗ್ಗಗಳಿಂದ ಮಾಡಿದ ಕೃತಿಗಳನ್ನು ಚಿತ್ರಗಳಲ್ಲಾದರೂ ನೋಡಿ. ಕೆಲವೇ ಗಂಟು, ಜಡೆಗಳು ಎಷ್ಟು ಜಾಗ ತುಂಬುತ್ತವೆ ಅನ್ನುವುದು ಅರ್ಥವಾಗುತ್ತದೆ. ಇಂಥ ಕೆಲಸವನ್ನು ಮನೆಗೆಲಸದ ಸಾಲಿನಿಂದ ಎತ್ತಿ ಕಲೆಯ ಗೋಡೆಗೆ ತಂದದ್ದರಲ್ಲಿ 1969ರ ಒಂದು ಪ್ರದರ್ಶನಕ್ಕೆ ದೊಡ್ಡ ಪಾತ್ರವಿದೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆದ ಅದರ ಹೆಸರೇ 'ವಾಲ್ ಹ್ಯಾಂಗಿಂಗ್ಸ್'.

ಇಲ್ಲಿ ಎಚ್ಚರ: ಬೇಕಾದ ಹುರಿಯನ್ನೆಲ್ಲ ಒಂದೇ ಸಲ, ಒಂದೇ ಲಾಟಿನಲ್ಲಿ ಕೊಳ್ಳಿ. ಲಾಟ್ ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಸರಕು. ಬಿಳಿ ಅಂದರೆ ಬಿಳಿಯೇ ಅಲ್ವಾ ಅಂದುಕೊಳ್ಳಬೇಡಿ. ಬಣ್ಣ ಹಾಕದ ಹತ್ತಿಯಲ್ಲೂ ಲಾಟಿನಿಂದ ಲಾಟಿಗೆ ಛಾಯೆ ಬದಲಾಗುತ್ತದೆ. ಗೋಡೆಗೆ ಹಾಕಿದ ಮೇಲೆ ಆ ಗೆರೆ ಎದ್ದು ಕಾಣುತ್ತದೆ.

ಬಿಸಿಲು ಬೀಳುವ ಗೋಡೆಗೆ ಬಣ್ಣದ ಹುರಿ ಬೇಕಿದ್ದರೆ, ಬಣ್ಣ ಬೆಳಕಿಗೆ ಎಷ್ಟು ತಡೆಯುತ್ತದೆ ಎಂದು ಮಾರುವವರನ್ನು ಕೇಳಿ. ಇದಕ್ಕೆ ಬ್ಲೂ ವುಲ್ ಎಂಬ 1ರಿಂದ 8ರವರೆಗಿನ ಅಳತೆ ಇದೆ. 8 ಅಂದರೆ ಬಹಳ ಗಟ್ಟಿ ಬಣ್ಣ, 1 ಅಂದರೆ ಬೇಗ ಮಾಸುವ ಬಣ್ಣ. ಉತ್ತರ ಸಿಗದಿದ್ದರೆ ಒಂದು ತುಂಡು ಹುರಿಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಕಿಟಕಿಯಲ್ಲಿ ಒಂದು ತಿಂಗಳು ಇಡಿ. ಆಮೇಲೆ ಕಾಗದ ತೆಗೆದು ಎರಡೂ ಭಾಗ ಹೋಲಿಸಿ.

3. ಮೂರು ಗಂಟು, ಅಷ್ಟೇ

ಗೋಡೆ ತುಂಬುವ ಕೆಲಸಕ್ಕೆ ಮೂರು ಗಂಟು ಸಾಕು.

ಮೊದಲನೆಯದು ಲಾರ್ಕ್ಸ್ ಹೆಡ್, ಹುರಿಯನ್ನು ಕೋಲಿಗೆ ಕಟ್ಟುವ ಗಂಟು. ಹುರಿಯನ್ನು ನಡುವೆ ಮಡಚಿ, ಕುಣಿಕೆಯನ್ನು ಕೋಲಿನ ಮುಂದಿನಿಂದ ಹಿಂದಕ್ಕೆ ಇಳಿಬಿಟ್ಟು, ಎರಡೂ ತುದಿಗಳನ್ನು ಕುಣಿಕೆಯೊಳಗಿಂದ ಎಳೆದು ಬಿಗಿ ಮಾಡಿ. ಒಂದು ಹುರಿ ಈಗ ಎರಡು ಎಳೆಯಾಗಿ ಇಳಿಯುತ್ತದೆ. ಮುಂದೆ 'ಎಳೆ' ಅಂದಾಗಲೆಲ್ಲ ಹೀಗೆ ಇಳಿಬಿದ್ದ ಒಂದೊಂದು ತುದಿ ಎಂದು ತಿಳಿಯಿರಿ.

ಎರಡನೆಯದು ಸ್ಕ್ವೇರ್ ನಾಟ್, ಚೌಕ ಗಂಟು. ಇದಕ್ಕೆ ನಾಲ್ಕು ಎಳೆ ಬೇಕು. ನಡುವಿನ ಎರಡು ಸುಮ್ನೆ ನೇರವಾಗಿ ನಿಲ್ಲುತ್ತವೆ, ಹೊರಗಿನ ಎರಡು ಅವನ್ನು ಸುತ್ತುತ್ತವೆ. ಎಡ ಎಳೆಯನ್ನು ನಡುವಿನವುಗಳ ಮೇಲೆ ಹಾಯಿಸಿ, ಬಲ ಎಳೆಯ ಕೆಳಗೆ ತನ್ನಿ. ಬಲ ಎಳೆಯನ್ನು ನಡುವಿನವುಗಳ ಹಿಂದಿನಿಂದ ತಂದು ಎಡದ ಕುಣಿಕೆಯೊಳಗಿಂದ ಮೇಲೆತ್ತಿ ಎಳೆಯಿರಿ. ಇದು ಅರ್ಧ ಗಂಟು. ಈಗ ಅದನ್ನೇ ಬಲದಿಂದ ಶುರು ಮಾಡಿ ಇನ್ನೊಮ್ಮೆ. ಪೂರ್ತಿ ಗಂಟಾಯಿತು. ಎರಡನೇ ಸಲವೂ ಎಡದಿಂದಲೇ ಶುರು ಮಾಡುತ್ತಾ ಹೋದರೆ ಕೆಲಸ ತನ್ನಷ್ಟಕ್ಕೆ ತಿರುಚಿಕೊಂಡು ಸುರುಳಿಯಾಗುತ್ತದೆ. ಸುರುಳಿ ಬೇಕಿದ್ದಾಗ ಅದು ಸೊಗಸು, ಬೇಡದಾಗ ದೊಡ್ಡ ತಲೆನೋವು.

ಎಲ್ಲಿಗೆ ನಿಲ್ಲಿಸಿದ್ದೆ ಅಂತ ಮರೆತರೆ ಗಂಟಿನ ಪಕ್ಕ ನೋಡಿ. ಎಡದಿಂದ ಶುರುವಾದ ಪ್ರತಿ ಚೌಕ ಗಂಟಿಗೂ ಎಡಗಡೆ ಒಂದು ಉಬ್ಬು ಎದ್ದು ನಿಲ್ಲುತ್ತದೆ. ಉಬ್ಬುಗಳನ್ನು ಎಣಿಸಿದರೆ ಗಂಟುಗಳ ಲೆಕ್ಕ ಸಿಕ್ಕಿತು.

ಮೂರನೆಯದು ಡಬಲ್ ಹಾಫ್ ಹಿಚ್. ಗೆರೆ ಎಳೆಯುವ ಗಂಟು ಇದು. ಒಂದು ಎಳೆಯನ್ನು ಅಡ್ಡಲಾಗಿ ಅಥವಾ ಓರೆಯಾಗಿ ಬಿಗಿಯಾಗಿ ಹಿಡಿದು, ಉಳಿದ ಪ್ರತಿ ಎಳೆಯನ್ನೂ ಅದರ ಸುತ್ತ ಎರಡೆರಡು ಸಲ ಸುತ್ತಿ ಬಿಗಿ ಮಾಡುವುದು. ಹಿಡಿದ ಎಳೆ ಒಳಗೆ ಅಡಗುತ್ತದೆ, ಹೊರಗೆ ಉಬ್ಬಿದ ಗೆರೆ ಉಳಿಯುತ್ತದೆ. ಹೊಸಬರ ಗೆರೆ ನಡುವೆ ಜೋಲುವುದು ಯಾಕೆ ಅಂದರೆ ಹಿಡಿದ ಎಳೆಯನ್ನು ಸಡಿಲ ಬಿಡುತ್ತಾರೆ. ಒಂದು ಕೈ ಅದನ್ನು ಎಳೆದು ಹಿಡಿದೇ ಇರಬೇಕು. ಎಲ್ಲ ಚಲನೆ ಇನ್ನೊಂದು ಕೈಯದು. ಗೆರೆ ಉದ್ದವಾಗಿದ್ದರೆ ಆ ಎಳೆಯ ತುದಿಯನ್ನು ಸ್ಟ್ಯಾಂಡಿನ ಪಕ್ಕದ ಕಂಬಕ್ಕೆ ಬೇಕಾದ ಓರೆಯಲ್ಲಿ ಕಟ್ಟಿಬಿಡಿ. ಎರಡೂ ಕೈ ಖಾಲಿಯಾಗುತ್ತವೆ, ಗೆರೆಯೂ ನೇರವಾಗಿ ಬರುತ್ತದೆ.

4. ಮಾದರಿ ತುಂಡು ಮಾಡಿ, ಲೆಕ್ಕ ಹಾಕಿ

ಇಡೀ ಲೇಖನದಲ್ಲಿ ಒಂದೇ ಹಂತ ಓದಬೇಕು ಅಂದರೆ ನಾನು ಇದನ್ನೇ ತೋರಿಸುತ್ತೇನೆ.

"ಕೆಲಸದ ಉದ್ದದ ನಾಲ್ಕರಷ್ಟು ಹುರಿ" ಎಂಬ ಸೂತ್ರ ಎಲ್ಲ ಕಡೆ ಓಡಾಡುತ್ತಿದೆ. ಸುಳ್ಳಲ್ಲ, ಅರ್ಧ ಸತ್ಯ. ಇಳಿಬಿದ್ದ ಒಂದೊಂದು ಎಳೆಗೆ ನಾಲ್ಕರಷ್ಟು. ಹುರಿಯನ್ನು ಮಡಚಿ ಕಟ್ಟುವುದರಿಂದ ಕತ್ತರಿಸುವಾಗ ಅದು ಎಂಟರಷ್ಟಾಗುತ್ತದೆ. ಇದನ್ನು ಮರೆತು ನಾಲ್ಕರಷ್ಟೇ ಕತ್ತರಿಸಿದವರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ವಿಷಯ: ಈ ನಾಲ್ಕು ಎಂಬ ಸಂಖ್ಯೆ ನಿಮ್ಮ ಕೈಬಿಗಿ, ಹುರಿಯ ದಪ್ಪ, ಗಂಟುಗಳ ಒತ್ತಿನ ಮೇಲೆ ಬದಲಾಗುತ್ತದೆ. ಹಾಫ್ ಹಿಚ್ ಒತ್ತಾಗಿ ತುಂಬಿದ ಭಾಗ ಐದಾರರಷ್ಟು ನುಂಗುತ್ತದೆ. ಜಾಗ ಬಿಟ್ಟು ಹಾಕಿದ ಬಲೆಯಂಥ ಭಾಗಕ್ಕೆ ಅಷ್ಟು ಬೇಕಿಲ್ಲ.

ಹಾಗಾಗಿ ಅಳೆಯಿರಿ. ಕೊಂಡ ಹುರಿಯಲ್ಲೇ ಎಂಟು ಹುರಿ ಕತ್ತರಿಸಿ, ಪ್ರತಿ ಎಳೆ ಸರಿಯಾಗಿ 100 ಸೆಂ.ಮೀ. ಇಳಿಯುವಂತೆ ಕೋಲಿಗೆ ಕಟ್ಟಿ. ನಿಮ್ಮ ವಿನ್ಯಾಸದ ಗಂಟುಗಳನ್ನೇ 15 ಸೆಂ.ಮೀ. ಉದ್ದಕ್ಕೆ ಹಾಕಿ. ಈಗ ನಾಲ್ಕು ಅಳತೆ ಬರೆದುಕೊಳ್ಳಿ: ತುಂಡಿನ ಅಗಲ, ಅತಿ ಚಿಕ್ಕದಾಗಿ ಉಳಿದ ಎಳೆಯ ಉದ್ದ, ಹಿಡಿದ ಸಮಯ, 10 ಮೀಟರ್ ಹುರಿಯ ತೂಕ.

ಒಂದು ಉದಾಹರಣೆ ಪೂರ್ತಿ ಮಾಡೋಣ. ಕೃತಿಯ ಅಗಲ 120 ಸೆಂ.ಮೀ., ಗಂಟಿನ ಭಾಗ 90 ಸೆಂ.ಮೀ., ಕುಚ್ಚು 30 ಸೆಂ.ಮೀ. ಮಾದರಿಯಲ್ಲಿ ಎಂಟು ಹುರಿಗೆ 10 ಸೆಂ.ಮೀ. ಅಗಲ ಬಂತು ಎನ್ನಿ. ಹಾಗಾದರೆ 120ಕ್ಕೆ 96 ಹುರಿ, ಅಂದರೆ 192 ಎಳೆ. ನಾಲ್ಕು ಎಳೆಗೆ ಒಂದು ಚೌಕ ಗಂಟು, ಒಂದು ಸಾಲಿಗೆ 48. ಭಾಗ ಸರಿಯಾಗಿ ಹೋಗುತ್ತದೆಯೇ ಎಂದು ಇಲ್ಲೇ ನೋಡಿಕೊಳ್ಳಿ. ಎಳೆಗಳ ಸಂಖ್ಯೆ ನಾಲ್ಕರಿಂದ ಭಾಗವಾಗದಿದ್ದರೆ ಹುರಿ ಒಂದು ಹೆಚ್ಚಿಸಿ.

ಅತಿ ಚಿಕ್ಕ ಎಳೆ 40 ಸೆಂ.ಮೀ. ಉಳಿದಿದ್ದರೆ 15 ಸೆಂ.ಮೀ. ಕೆಲಸಕ್ಕೆ 60 ಸೆಂ.ಮೀ. ಖರ್ಚಾಯಿತು. ನಾಲ್ಕರಷ್ಟು. ಗಂಟಿನ ಭಾಗಕ್ಕೆ 90 × 4 = 360. ಕುಚ್ಚಿಗೆ 30 ಸೇರಿಸಿ, ಕೈಹಿಡಿತಕ್ಕೂ ಕತ್ತರಿಸಿ ಸಮ ಮಾಡುವುದಕ್ಕೂ 20 ಸೇರಿಸಿ. ಒಂದು ಎಳೆಗೆ 410 ಸೆಂ.ಮೀ. ಮಡಚಬೇಕಲ್ಲ, ಹಾಗಾಗಿ ಒಂದು ಹುರಿ 820 ಸೆಂ.ಮೀ. ಒಟ್ಟು 96 × 8.2 = 787 ಮೀಟರ್. ಇದರ ಮೇಲೆ ಹತ್ತನೇ ಒಂದು ಪಾಲು ಹೆಚ್ಚಿಗೆ ಇಟ್ಟುಕೊಂಡರೆ 866 ಮೀಟರ್ ಆಯಿತು.

ತೂಕವೂ ಹೀಗೆಯೇ. 10 ಮೀಟರ್ ಹುರಿ 100 ಗ್ರಾಂ ತೂಗಿದರೆ ಗೋಡೆಯ ಮೇಲೆ ಬರುವ ಹುರಿ ಸುಮಾರು 8 ಕೆ.ಜಿ. ಕೋಲಿನ ತೂಕ ಬೇರೆ. ಸಮಯದ ಲೆಕ್ಕಕ್ಕೆ, 10 × 15 ಸೆಂ.ಮೀ. ತುಂಡಿಗೆ ಮುಕ್ಕಾಲು ಗಂಟೆ ಹಿಡಿದಿದ್ದರೆ, 120 × 90 ಸೆಂ.ಮೀ. ಜಾಗದಲ್ಲಿ ಅಂಥ 72 ತುಂಡು. ಅಂದರೆ 54 ಗಂಟೆ, ಗಂಟು ಹಾಕುವುದಕ್ಕೆ ಮಾತ್ರ. ಕತ್ತರಿಸುವುದು, ಕಟ್ಟುವುದು, ಬಾಚುವುದು, ನೇತುಹಾಕುವುದು ಇದರಲ್ಲಿಲ್ಲ. ಬೇರೆಯವರಿಗಾಗಿ ಮಾಡುವವರು ಈ ಲೆಕ್ಕ ಹಾಕದೆ "ಎರಡು ವಾರದಲ್ಲಿ ಕೊಡ್ತೀನಿ" ಅನ್ನಬೇಡಿ. ಬೆರಳು ನೋಯಿಸಿಕೊಂಡು ರಾತ್ರಿಯೆಲ್ಲ ಕೂತರೂ ಗಂಟಿನ ವೇಗ ಅಷ್ಟೇ.

ಮಾದರಿ ತುಂಡನ್ನು ಎಸೆಯಬೇಡಿ. ಕೆಲಸ ಮುಗಿಯುವವರೆಗೂ ಸ್ಟ್ಯಾಂಡಿನ ಪಕ್ಕ ತೂಗುಹಾಕಿಡಿ. ನಿಮ್ಮ ಕೈಬಿಗಿ ಬದಲಾಯಿತೇ ಎಂದು ನೋಡಲು ಅದೇ ಅಳತೆಗೋಲು.

5. ಕತ್ತರಿಸಿ, ಕೋಲಿಗೆ ಕಟ್ಟಿ

ಹುರಿಯನ್ನು ಒಂದೊಂದಾಗಿ ಟೇಪಿನಲ್ಲಿ ಅಳೆದು ಕತ್ತರಿಸಿದರೆ ಉದ್ದದಲ್ಲಿ ಏರುಪೇರು ಬರುತ್ತದೆ. ಅಲುಗದ ಎರಡು ಗೂಟಗಳನ್ನು ನಿಮ್ಮ ಎಳೆಯ ಉದ್ದದಷ್ಟು ದೂರದಲ್ಲಿ ನಿಲ್ಲಿಸಿ. ನಮ್ಮ ಲೆಕ್ಕದಲ್ಲಿ 410 ಸೆಂ.ಮೀ. ಅವುಗಳ ಸುತ್ತ ಹುರಿಯನ್ನು ಎಳೆಯದೆ, ಜೋಲಲೂ ಬಿಡದೆ ಸುತ್ತುತ್ತಾ ಹೋಗಿ. ಬೇಕಾದಷ್ಟು ಸುತ್ತಾದ ಮೇಲೆ ಒಂದು ಗೂಟದ ಬಳಿ ಎಲ್ಲವನ್ನೂ ಕತ್ತರಿಸಿ. ಇನ್ನೊಂದು ಗೂಟದ ಬಳಿ ಪ್ರತಿ ಹುರಿಯೂ ನಡುವೆಯೇ ಮಡಚಿಕೊಂಡಿರುತ್ತದೆ. ಹಾಗೆಯೇ ತೆಗೆದು ಕೋಲಿಗೆ ಕಟ್ಟಬಹುದು. ಕುರ್ಚಿಗಳನ್ನು ಗೂಟ ಮಾಡಿಕೊಳ್ಳಬೇಡಿ. ಸುತ್ತು ಹೆಚ್ಚಾದಂತೆ ಅವು ಒಂದರತ್ತ ಒಂದು ಸರಿಯುತ್ತವೆ, ಕೊನೆಯ ಹುರಿಗಳು ಗಿಡ್ಡವಾಗುತ್ತವೆ. ಒಂದೇ ಸಲ 96 ಸುತ್ತದೆ 24ರ ಕಂತುಗಳಲ್ಲಿ ಕತ್ತರಿಸಿ. ಸುತ್ತಿನ ಮೇಲೆ ಸುತ್ತು ಬಿದ್ದರೂ ಉದ್ದ ಬದಲಾಗುತ್ತದೆ.

ಸಿಂಗಲ್ ಸ್ಟ್ರ್ಯಾಂಡ್ ಹುರಿಯ ತುದಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ರತಿ ತುದಿಗೂ ಕಾಗದದ ಟೇಪು ಸುತ್ತಿ. ಉದ್ದ ಎಳೆಗಳನ್ನು ನೆಲದ ಮೇಲೆ ಎಳೆದಾಡಬೇಡಿ, ಕೊಳೆಯಾಗುತ್ತವೆ, ಸಿಕ್ಕಾಗುತ್ತವೆ. ಬೆರಳ ನಡುವೆ ಎಂಟರ ಆಕಾರದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬೇಕಾದಾಗ ಕೆಳಗಿನಿಂದ ಎಳೆದರೆ ಬಿಚ್ಚಿಕೊಳ್ಳುತ್ತದೆ.

ಕೋಲಿನ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ. ಸಣ್ಣ ಕೆಲಸಕ್ಕೆ ಚೆಂದದ ಕೊಂಬೆ ಸಾಕು, 8 ಕೆ.ಜಿ.ಗೆ ಸಾಲದು. ಒಟ್ಟು ಭಾರ ಅಷ್ಟೇ ಇದ್ದು ಕೋಲಿನ ಉದ್ದ ಎರಡರಷ್ಟಾದರೆ ಅದು ಬಾಗುವುದು ಎಂಟರಷ್ಟು. ಅದೇ ಕೋಲಿನ ದಪ್ಪ ಎರಡರಷ್ಟಾದರೆ ಅದರ ಬಿಗಿತ ಹದಿನಾರರಷ್ಟಾಗುತ್ತದೆ. ಹಾಗಾಗಿ ಅನುಮಾನ ಬಂದಾಗ ದಪ್ಪ ಹೆಚ್ಚಿಸುವುದೇ ಸುಲಭದ ಪರಿಹಾರ. 25 ಮಿ.ಮೀ.ನಿಂದ 32 ಮಿ.ಮೀ.ಗೆ ಹೋದರೂ ಬಿಗಿತ ಎರಡೂವರೆ ಪಟ್ಟು ದಾಟುತ್ತದೆ. ಕೋಲು ಕಟ್ಟುವ ಮುಂಚೆ ಅದೇ ತೂಕದ ಅಕ್ಕಿ ಚೀಲವನ್ನು ನಡುವೆ ತೂಗುಬಿಟ್ಟು ನೋಡಿ. ಭಾರ ಹರಡಿಕೊಂಡಿರುವಾಗ ಬಾಗುವುದು ಇದಕ್ಕಿಂತ ಕಡಿಮೆ, ಹಾಗಾಗಿ ಈ ಪರೀಕ್ಷೆ ಪಾಸಾದ ಕೋಲನ್ನು ನಂಬಬಹುದು. ಎರಡು ಮೀಟರ್ ಹತ್ತಿರ ಬಂದರೆ ಮರ ಬಿಟ್ಟು ಲೋಹದ ಕೊಳವೆ ನೋಡಿ, ನಡುವೆ ಒಂದು ಆಧಾರವೂ ಇರಲಿ. ಹಸಿ ಕೊಂಬೆ ಬೇಡವೇ ಬೇಡ. ಒಣಗುತ್ತಾ ಸೊಟ್ಟಾಗುತ್ತದೆ, ಒಳಗಿನ ಹುಳ ಹೊರಬರುತ್ತದೆ.

6. ಗಂಟು ಹಾಕುತ್ತಾ ಇಳಿಯಿರಿ

ಈಗ ಆ ಎರಡನೇ ಪ್ರಶ್ನೆ, ಅಗಲ ಯಾಕೆ ಕಡಿಮೆಯಾಗುತ್ತದೆ?

ಬಹಳಷ್ಟು ವಿನ್ಯಾಸಗಳ ಬುನಾದಿ ಸಾಲು ಬಿಟ್ಟು ಸಾಲಿನ ಚೌಕ ಗಂಟು. ಮೊದಲ ಸಾಲಿನಲ್ಲಿ 1-4, 5-8 ಹೀಗೆ ನಾಲ್ಕು ನಾಲ್ಕು ಎಳೆಗೆ ಗಂಟು. ಎರಡನೇ ಸಾಲಿನಲ್ಲಿ ಮೊದಲ ಎರಡು ಎಳೆ ಬಿಟ್ಟು 3-6, 7-10. ಮೂರನೆಯದು ಮತ್ತೆ ಮೊದಲಿನಂತೆ. ಪಕ್ಕದ ಗುಂಪಿನ ಎಳೆಗಳನ್ನು ಒಂದರತ್ತ ಒಂದು ಎಳೆದು ಕಟ್ಟುವುದರಿಂದ ಪ್ರತಿ ಸಾಲೂ ಚೂರು ಒಳಗೆ ಜಗ್ಗುತ್ತದೆ. ಸಾಲಿನ ನಡುವೆ ಜಾಗ ಕಡಿಮೆ ಬಿಟ್ಟು ಗಂಟು ಬಿಗಿದರೆ ಇನ್ನೂ ಜಾಸ್ತಿ. ಒಂದೊಂದು ಸಾಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಮೂವತ್ತು ಸಾಲು ಆದ ಮೇಲೆ ನೋಡಿದರೆ ಕೃತಿ ಸೊಂಟ ಕಟ್ಟಿಕೊಂಡು ನಿಂತಿರುತ್ತದೆ.

ಪರಿಹಾರ ಸುಲಭ, ಆದರೆ ಶಿಸ್ತು ಬೇಕು. ಪ್ರತಿ 10 ಸೆಂ.ಮೀ.ಗೆ ಅಗಲ ಅಳೆಯಿರಿ, ಬರೆದಿಡಿ. ಗಂಟನ್ನು ಕೆಳಮುಖವಾಗಿ, ಎರಡೂ ಕೈಯಿಂದ ಸಮನಾಗಿ ಎಳೆದು ಕೂರಿಸಿ, ಪಕ್ಕಕ್ಕೆ ಜಗ್ಗಬೇಡಿ. ಅಗಲ ಒಂದು ಸೆಂ.ಮೀ. ಇಳಿದರೂ ಅಲ್ಲೇ ನಿಲ್ಲಿಸಿ, ಕೊನೆಯ ಎರಡು ಸಾಲು ಬಿಚ್ಚಿ, ಸಡಿಲವಾಗಿ ಮತ್ತೆ ಹಾಕಿ. ದೊಡ್ಡ ಕೆಲಸದಲ್ಲಿ ತೆಳುವಾದ ಒಂದು ಪಟ್ಟಿಗೆ ಅಂಚಿನ ಎಳೆಗಳನ್ನು ಕ್ಲಿಪ್ಪಿನಿಂದ ಹಿಡಿಸಿ ಅಗಲ ಕಾಯ್ದುಕೊಳ್ಳಬಹುದು.

ಸಾಲು ಓರೆಯಾಗುವುದು ಇನ್ನೊಂದು ಸಮಸ್ಯೆ. ಎಡದಿಂದ ಬಲಕ್ಕೇ ಯಾವಾಗಲೂ ಗಂಟು ಹಾಕಿದರೆ ಕೈ ಸೋತ ಹಾಗೆ ಬಲತುದಿಯ ಗಂಟುಗಳು ಸಡಿಲವಾಗಿ ಕೆಳಗಿಳಿಯುತ್ತವೆ. ಒಂದು ಸಾಲು ಎಡದಿಂದ, ಮುಂದಿನದು ಬಲದಿಂದ ಶುರು ಮಾಡಿ. ಬೇರೆ ಬಣ್ಣದ ಒಂದು ದಾರವನ್ನು ಅಡ್ಡಲಾಗಿ ಸ್ಟ್ಯಾಂಡಿಗೆ ಕಟ್ಟಿ, ಅದರ ನೇರಕ್ಕೆ ಸಾಲು ಕೂರಿಸಿ. ಲೆವೆಲ್ ನೋಡುತ್ತಿರಿ. ಕಣ್ಣನ್ನು ನಂಬಬೇಡಿ, ಅದು ಹಿಂದಿನ ಸಾಲನ್ನು ನೋಡಿ ಮುಂದಿನದನ್ನು ಒಪ್ಪಿಕೊಳ್ಳುತ್ತದೆ.

ಎಳೆಗಳು ಸಮನಾಗಿ ಖರ್ಚಾಗುವುದಿಲ್ಲ ಎಂಬುದು ನೆನಪಿರಲಿ. ಚೌಕ ಗಂಟಿನಲ್ಲಿ ಸುತ್ತುವ ಎಳೆ ಬೇಗ ಮುಗಿಯುತ್ತದೆ, ನಡುವಿನದು ಹಾಗೇ ಉಳಿಯುತ್ತದೆ. ಸಾಲು ಬಿಟ್ಟು ಸಾಲಿನ ವಿನ್ಯಾಸದಲ್ಲಿ ಇದು ತಾನಾಗಿ ಸರಿಹೋಗುತ್ತದೆ, ಒಂದು ಸಾಲಿನಲ್ಲಿ ಸುತ್ತಿದ ಎಳೆ ಮುಂದಿನ ಸಾಲಿನಲ್ಲಿ ನಡುವೆ ಬರುತ್ತದೆ. ಒಂದರ ಕೆಳಗೆ ಒಂದು ಗಂಟು ಹಾಕಿ ಉದ್ದ ಪಟ್ಟಿ ಮಾಡುವಾಗ ಹಾಗಾಗುವುದಿಲ್ಲ. ಅಂಥ ಪಟ್ಟಿಯಿದ್ದರೆ ಆ ಹುರಿಗಳನ್ನು ಸರಿಯಾಗಿ ನಡುವೆ ಮಡಚದೆ, ಸುತ್ತುವ ಕಡೆಗೆ ಉದ್ದ ಬಿಟ್ಟು ಕಟ್ಟಿ.

ನಡುದಾರಿಯಲ್ಲಿ ಎಳೆ ಮುಗಿದೇಹೋದರೆ ಗಾಬರಿ ಬೇಡ. ಅದು ಗಂಟಿನ ನಡುವೆ ಬರುವ ಜಾಗದವರೆಗೆ ಕಾಯಿರಿ. ಹೊಸ ಹುರಿಯನ್ನು ಅದರ ಪಕ್ಕದಲ್ಲೇ ಇಟ್ಟು, ಎರಡನ್ನೂ ಒಟ್ಟಿಗೆ ಸೇರಿಸಿ ಮೂರು-ನಾಲ್ಕು ಗಂಟು ಹಾಕಿ. ಹಳೆಯ ತುದಿಯನ್ನು ಹಿಂದಕ್ಕೆ ತಂದು, ದೊಡ್ಡ ಕಣ್ಣಿನ ಸೂಜಿಯಿಂದ ಗಂಟಿನೊಳಗೆ ತೂರಿಸಿ ಕತ್ತರಿಸಿ. ಅಂಟು ಹಾಕಬೇಡಿ. ವರ್ಷ ಕಳೆದಂತೆ ಅಂಟು ಹಳದಿಯಾಗಿ ಮುಂದಕ್ಕೆ ಕಾಣುತ್ತದೆ.

ಒಂದು ದಿನಕ್ಕೆ ಎಷ್ಟು ಹೊತ್ತು? ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಎದ್ದು ಮಣಿಕಟ್ಟು, ಬೆರಳು, ಭುಜ ಸಡಿಲಿಸಿ. ಬೆರಳಲ್ಲಿ ಜೋಮು ಬಂದರೆ ಆ ದಿನಕ್ಕೆ ಸಾಕು. ದಣಿದ ಕೈಯ ಗಂಟು ಬೇರೆಯೇ ಕಾಣುತ್ತದೆ, ನಾಳೆ ಅದನ್ನು ಬಿಚ್ಚುವುದು ನೀವೇ.

7. ಕುಚ್ಚು: ಮೊದಲು ತೂಗುಹಾಕಿ, ಆಮೇಲೆ ಕತ್ತರಿ

ಗಂಟು ಮುಗಿದ ಕೂಡಲೇ ಕುಚ್ಚನ್ನು ಸಮ ಮಾಡಬೇಡಿ. ಕೃತಿಯನ್ನು ಅದರ ಕೊನೆಯ ಕೋಲಿನಲ್ಲಿ, ಗೋಡೆಯಲ್ಲಿ ಹೇಗಿರುತ್ತದೋ ಹಾಗೆ ಎರಡು ದಿನವಾದರೂ ತೂಗುಬಿಡಿ. ತನ್ನದೇ ಭಾರಕ್ಕೆ ಗಂಟುಗಳು ಕೂರುತ್ತವೆ, ಹುರಿ ಸ್ವಲ್ಪ ಇಳಿಯುತ್ತದೆ. ಎಲ್ಲ ಕಡೆ ಒಂದೇ ಸಮ ಇಳಿಯುವುದಿಲ್ಲ, ಒತ್ತಾದ ಭಾಗ ಹೆಚ್ಚು ಜಗ್ಗುತ್ತದೆ. ಇವತ್ತು ನೇರವಾಗಿ ಕತ್ತರಿಸಿದ್ದು ನಾಡಿದ್ದು ಅಲೆಯಾಗಿರುತ್ತದೆ.

ಬಾಚುವುದಿದ್ದರೆ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಸಿಕ್ಕುಗಟ್ಟಿದ ಕೂದಲು ಬಿಡಿಸುವ ಹಾಗೆ. ಬಾಚುವಾಗ ಹತ್ತಿಯ ಧೂಳು ಬಹಳ ಏಳುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ, ಕಿಟಕಿ ತೆಗೆದಿಡಿ. ನೀರಿನ ಹಬೆ ತೋರಿಸಿದರೆ ಕುಚ್ಚು ನೇರವಾಗುತ್ತದೆ. ಕೈಗೆ ಹಬೆ ತಾಗದಂತೆ ನೋಡಿಕೊಳ್ಳಿ. ಕತ್ತರಿಸುವಾಗ ಅಂದುಕೊಂಡದ್ದಕ್ಕಿಂತ ಎರಡು ಸೆಂ.ಮೀ. ಉದ್ದ ಬಿಟ್ಟು ಮೊದಲ ಸುತ್ತು ಕತ್ತರಿಸಿ, ದೂರ ನಿಂತು ನೋಡಿ, ಆಮೇಲೆ ಎರಡನೇ ಸುತ್ತು.

ಕುಚ್ಚೇ ಬೇಡ ಎಂಬ ಆಯ್ಕೆಯೂ ಇದೆ. ಕೊನೆಯ ಸಾಲು ಹಾಫ್ ಹಿಚ್ ಹಾಕಿ, ತುದಿಗಳನ್ನು ಹಿಂದಕ್ಕೆ ತೂರಿಸಿದರೆ ಅಂಚು ಶುಚಿಯಾಗಿ ನಿಲ್ಲುತ್ತದೆ. ಸಾಕುಪ್ರಾಣಿ, ಪುಟ್ಟ ಮಕ್ಕಳು ಇರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ.

8. ಗೋಡೆಗೆ ಹಾಕುವುದು

ಮೊದಲು ಕೋಲು ಸಮೇತ ಕೃತಿಯನ್ನು ತೂಗಿ ನೋಡಿ. ಗೋಡೆ ಯಾವುದರದ್ದು ಎಂದು ತಿಳಿದುಕೊಳ್ಳಿ. ಇಟ್ಟಿಗೆ ಅಥವಾ ಕಾಂಕ್ರೀಟ್ ಆದರೆ ರಂಧ್ರ ಕೊರೆದು, ಪ್ಲಗ್ ಹಾಕಿ, ಸ್ಕ್ರೂ ಬಿಗಿಯಬಹುದು. ಪ್ಲಗ್ ಗಾರೆಯಲ್ಲಿ ಮಾತ್ರ ನಿಲ್ಲಬಾರದು, ಒಳಗಿನ ಇಟ್ಟಿಗೆಯವರೆಗೆ ಹೋಗಬೇಕು. ಒಳಗೆ ಟೊಳ್ಳಿರುವ ಜಿಪ್ಸಮ್ ಬೋರ್ಡ್ ಆದರೆ ಅದರ ಹಿಂದಿನ ಚೌಕಟ್ಟಿನ ಪಟ್ಟಿಗೇ ಸ್ಕ್ರೂ ಹೋಗಬೇಕು, ಇಲ್ಲವೇ ಟೊಳ್ಳು ಗೋಡೆಗೆಂದೇ ಮಾಡಿದ ಆಂಕರ್ ಬೇಕು. ಆಂಕರಿನ ಪೊಟ್ಟಣದ ಮೇಲೆ ಬರೆದ ಭಾರ ನಿಮ್ಮ ಕೃತಿಯ ಭಾರಕ್ಕಿಂತ ಬಹಳ ಹೆಚ್ಚಿರಲಿ. ಅಂಟಿಸುವ ಕೊಕ್ಕೆಗಳನ್ನು ಈ ಕೆಲಸಕ್ಕೆ ಮರೆತುಬಿಡಿ. ರಂಧ್ರ ಕೊರೆಯುವ ಮುಂಚೆ ಒಳಗೆ ವೈರು, ನೀರಿನ ಪೈಪು ಹೋಗಿದೆಯೇ ಎಂದು ಕೇಳಿ ತಿಳಿಯಿರಿ.

ನಡುವೆ ಒಂದೇ ಮೊಳೆ ಹೊಡೆದು ತ್ರಿಕೋನವಾಗಿ ಹಗ್ಗ ಕಟ್ಟುವುದು ಸಣ್ಣ ಕೆಲಸಕ್ಕೆ ಸರಿ. ದೊಡ್ಡದಕ್ಕೆ ಕೋಲನ್ನೇ ನೇರವಾಗಿ ಎರಡು ಬ್ರಾಕೆಟ್ಟುಗಳ ಮೇಲೆ ಕೂರಿಸಿ. ಬ್ರಾಕೆಟ್ಟುಗಳನ್ನು ತೀರಾ ತುದಿಯಲ್ಲಿ ಇಡದೆ ಎರಡೂ ಕಡೆಯಿಂದ ಉದ್ದದ ಐದನೇ ಒಂದು ಭಾಗ ಒಳಗೆ ಇಟ್ಟರೆ ಕೋಲು ಬಾಗುವುದು ಬಹಳ ಕಡಿಮೆಯಾಗುತ್ತದೆ. ಆ ಎರಡು ಜಾಗದಲ್ಲಿ ಹುರಿ ಕಟ್ಟದೆ ಸಂದು ಬಿಡಬೇಕು, ಹಾಗಾಗಿ ಇದನ್ನು 5ನೇ ಹಂತದಲ್ಲೇ ಯೋಚಿಸಿಡಿ. ಗೋಡೆಯಿಂದ 2-3 ಸೆಂ.ಮೀ. ಮುಂದೆ ನಿಲ್ಲುವಂತೆ ಮಾಡಿ. ನೆರಳು ಬೀಳುತ್ತದೆ, ಹಿಂದೆ ಗಾಳಿಯಾಡುತ್ತದೆ, ಗೋಡೆಯ ತೇವ ಹುರಿಗೆ ಹತ್ತುವುದಿಲ್ಲ. ಕೋಣೆಯ ಮಾರ್ದನಿಯನ್ನೂ ಇದು ಸ್ವಲ್ಪ ತಗ್ಗಿಸುತ್ತದೆ. ಆದರೆ ಸದ್ದು ತಡೆಯುವ ಗೋಡೆ ಎಂದು ಯಾರಿಗೂ ಮಾತು ಕೊಡಬೇಡಿ, ಅಷ್ಟು ಶಕ್ತಿ ಇದಕ್ಕಿಲ್ಲ.

ಬೆಂಕಿಯ ವಿಷಯ ಗಂಭೀರ. ಹತ್ತಿ ಚೆನ್ನಾಗಿ ಉರಿಯುತ್ತದೆ, ಬಾಚಿದ ಕುಚ್ಚು ಇನ್ನೂ ಬೇಗ. ದೀಪ, ಮೇಣದ ಬತ್ತಿ, ಒಲೆ, ಹೀಟರ್ ಹತ್ತಿರ ಇಂಥದ್ದನ್ನು ಹಾಕಲೇಬಾರದು. ಹೋಟೆಲ್, ಕಚೇರಿ, ಸಭಾಂಗಣದಂಥ ಜಾಗಕ್ಕೆ ಮಾಡುವಾಗ ಅಲ್ಲಿನ ಅಗ್ನಿ ಸುರಕ್ಷತೆಯ ನಿಯಮ ಏನು ಕೇಳುತ್ತದೆ ಎಂದು ವಿನ್ಯಾಸಕ್ಕೂ ಮುಂಚೆ ಬರಹದಲ್ಲಿ ಕೇಳಿ. ಬೆಂಕಿ ತಡೆಯುವ ದ್ರಾವಣ ಹಾಕಬೇಕೆಂದರೆ ಮೊದಲು ಮಾದರಿ ತುಂಡಿನ ಮೇಲೆ ಹಾಕಿ ನೋಡಿ. ಕೆಲವು ದ್ರಾವಣಗಳಿಂದ ಹುರಿ ಗಡಸಾಗುತ್ತದೆ, ಬಣ್ಣವೂ ಬದಲಾಗಬಹುದು.

ಬೇರೆಡೆಗೆ ಸಾಗಿಸುವಾಗ ಮಡಚಬೇಡಿ. ಗಂಟಿನ ಮುಖ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಿ, ಕುಚ್ಚಿಗೆ ಕಾಗದ ಹೊದಿಸಿ, ಮೇಲೆ ಹತ್ತಿ ಬಟ್ಟೆ ಕಟ್ಟಿ. ಪ್ಲಾಸ್ಟಿಕ್ಕಿನಲ್ಲಿ ಬಹಳ ದಿನ ಮುಚ್ಚಿಟ್ಟರೆ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ.

9. ಬೇರೆಯವರ ಮನೆಗೆ ಮಾಡುವಾಗ

ಮಾತು ಎಷ್ಟೇ ಚೆನ್ನಾಗಿರಲಿ, ಕೆಲವನ್ನು ಬರೆದುಕೊಳ್ಳಿ. ಕೋಲು ಸೇರಿಸಿದ ಅಗಲ, ಕುಚ್ಚು ಸೇರಿಸಿದ ಉದ್ದ, ಹುರಿಯ ಬಗೆ, ಗೋಡೆಗೆ ರಂಧ್ರ ಯಾರು ಕೊರೆಯುತ್ತಾರೆ, ಸಾಗಣೆಯ ಹೊಣೆ ಯಾರದು, ವಿನ್ಯಾಸ ಎಷ್ಟು ಸಲ ಬದಲಿಸಬಹುದು. ಮಾದರಿ ತುಂಡನ್ನು ಅವರ ಗೋಡೆಯ ಮೇಲೆಯೇ ಹಿಡಿದು ತೋರಿಸಿ ಒಪ್ಪಿಗೆ ಪಡೆಯಿರಿ. ಫೋನಿನ ಪರದೆಯಲ್ಲಿ ಕಂಡ ಬಿಳಿ ಬಣ್ಣವನ್ನು ನಂಬಿ ಒಪ್ಪಿದವರು ಆಮೇಲೆ "ಇದು ಹಳದಿ ಇದೆಯಲ್ಲ" ಅನ್ನುತ್ತಾರೆ. ಅಳತೆಯಲ್ಲಿ ಒಂದೆರಡು ಸೆಂ.ಮೀ. ಹೆಚ್ಚುಕಡಿಮೆ ಆಗಬಹುದು ಎಂಬುದನ್ನೂ ಮೊದಲೇ ಹೇಳಿ. ಕೈಕೆಲಸಕ್ಕೆ ಅಷ್ಟು ಉಸಿರು ಬೇಕು.

10. ಆಮೇಲಿನ ಆರೈಕೆ

ತಿಂಗಳಿಗೊಮ್ಮೆ ಮೃದು ಬ್ರಷ್ಷಿನಿಂದ ಮೇಲಿನಿಂದ ಕೆಳಗೆ ಧೂಳು ತೆಗೆಯಿರಿ. ವ್ಯಾಕ್ಯೂಮ್ ಬಳಸಿದರೆ ಬಾಯಿಗೆ ತೆಳು ಬಟ್ಟೆ ಕಟ್ಟಿ, ಕಡಿಮೆ ವೇಗದಲ್ಲಿ ಬಳಸಿ. ಕಲೆಯಾದರೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ವಾಷಿಂಗ್ ಮೆಷಿನ್ ಬೇಡ. ಹತ್ತಿ ಕುಗ್ಗುತ್ತದೆ, ಗಂಟುಗಳು ಜಾಗ ಬಿಡುತ್ತವೆ, ಒದ್ದೆಯಾದ 8 ಕೆ.ಜಿ. ಹುರಿಯನ್ನು ಒಣಗಿಸುವಷ್ಟರಲ್ಲಿ ವಾಸನೆ ಹಿಡಿದಿರುತ್ತದೆ. ಉಣ್ಣೆ ಬಳಸಿದ್ದರೆ ಹಿಂಬದಿಯನ್ನೂ ಆಗಾಗ ನೋಡಿ, ನುಸಿಹುಳು ಕತ್ತಲಲ್ಲಿ, ಅಲುಗಾಡದ ಕಡೆ ಸೇರಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬ್ರಾಕೆಟ್ಟಿನ ಸ್ಕ್ರೂಗಳನ್ನು ಕೈಯಿಂದ ಅಲುಗಿಸಿ ನೋಡಿ, ಸಡಿಲವಾಗಿದ್ದರೆ ಕೃತಿಯನ್ನು ಇಳಿಸಿ ಬಿಗಿ ಮಾಡಿ.